ಬೆಲ್ಟಿನ ಬಣ್ಣಕ್ಕೆ ಮರುಳಾಗುವ ಮುನ್ನ

ಬೆಂಗಳೂರು: ಬೇಸಿಗೆ ರಜೆ ಆರಂಭವಾಗುತ್ತಿದ್ದಂತೆಯೇ ನಗರದ ಬಡಾವಣೆಗಳಲ್ಲಿ ಕರಾಟೆ, ಟೇಕ್ವಾಂಡೊ, ಕಿಕ್ ಬಾಕ್ಸಿಂಗ್ ತರಗತಿಗಳ ಬ್ಯಾನರುಗಳು ತಲೆಯೆತ್ತುತ್ತವೆ. ಶಾಲೆಯ ಆವರಣ, ಕಲ್ಯಾಣ ಮಂಟಪದ ಮಹಡಿ, ಅಪಾರ್ಟ್‌ಮೆಂಟಿನ ಕ್ಲಬ್ ಹೌಸ್, ಉದ್ಯಾನದ ಹುಲ್ಲುಹಾಸು. ಸ್ಥಳ ಯಾವುದಾದರೂ ಬಿಳಿ ಸಮವಸ್ತ್ರ ತೊಟ್ಟ ಮಕ್ಕಳ ಸಾಲು, ಎದುರಿಗೆ ಕಪ್ಪು ಬೆಲ್ಟಿನ ಶಿಕ್ಷಕ. ಹುಬ್ಬಳ್ಳಿ, ಮಂಗಳೂರು, ಮೈಸೂರು, ದಾವಣಗೆರೆಗಳಲ್ಲೂ ಇದೇ ಚಿತ್ರ. ಮಗುವನ್ನು ಸೇರಿಸಲು ಬರುವ ಪೋಷಕರು ಸಾಮಾನ್ಯವಾಗಿ ಕೇಳುವುದು ಎರಡೇ ಪ್ರಶ್ನೆ: ಶುಲ್ಕ ಎಷ್ಟು, ಬ್ಲ್ಯಾಕ್ ಬೆಲ್ಟ್ ಸಿಗಲು ಎಷ್ಟು ವರ್ಷ ಬೇಕು? ಕೇಳಲೇಬೇಕಾದ ಪ್ರಶ್ನೆ ಬೇರೆಯದೇ ಇದೆ. ಈ ಶಿಕ್ಷಕರು ಯಾರು, ಅವರ ಪೂರ್ವಾಪರವನ್ನು ಪರಿಶೀಲಿಸಿದವರು ಯಾರು?

ಸಮರ ಕಲೆಯ ಶಾಲೆಯೊಂದನ್ನು ತೆರೆಯಲು ಈ ದೇಶದಲ್ಲಿ ಶಿಕ್ಷಕನ ಅರ್ಹತೆಯನ್ನು ನಿಗದಿಪಡಿಸುವ ಪ್ರತ್ಯೇಕ ಕಾನೂನಿಲ್ಲ. ಕೇಂದ್ರ ಶಿಕ್ಷಣ ಸಚಿವಾಲಯವು 2024ರ ಜನವರಿಯಲ್ಲಿ ಕೋಚಿಂಗ್ ಕೇಂದ್ರಗಳ ನಿಯಂತ್ರಣಕ್ಕಾಗಿ ಮಾರ್ಗಸೂಚಿ ಹೊರಡಿಸಿತು. ನೋಂದಣಿ, ಬೋಧಕರ ಅರ್ಹತೆ, ಶುಲ್ಕದ ಮರುಪಾವತಿ ಎಲ್ಲವೂ ಅದರಲ್ಲಿವೆ. ಆದರೆ ಕೋಚಿಂಗ್ ಎಂಬ ಪದದ ವ್ಯಾಖ್ಯೆಯಿಂದಲೇ ಕ್ರೀಡೆ, ನೃತ್ಯ, ರಂಗಭೂಮಿಗಳನ್ನು ಹೊರಗಿಡಲಾಗಿದೆ. ಗಣಿತ ಕಲಿಸುವ ಟ್ಯುಟೋರಿಯಲ್‌ಗೆ ಇರುವ ಕಟ್ಟುಪಾಡು, ಮಗುವಿನ ಮೈಮುಟ್ಟಿ ಎತ್ತಿ ಕೆಡಹುವುದನ್ನು ಕಲಿಸುವವರಿಗೆ ಇಲ್ಲ ಎಂಬುದು ವಿಪರ್ಯಾಸವೇ ಸರಿ.

ಸರ್ಕಾರ ನೋಡದಿದ್ದರೇನು, ಕ್ರೀಡಾ ಸಂಸ್ಥೆಗಳಿವೆಯಲ್ಲ ಎನ್ನುವವರಿದ್ದಾರೆ. ಕರಾಟೆಯ ಮಟ್ಟಿಗೆ ಆ ಭರವಸೆಗೆ ಬುಡವೇ ಅಲುಗಿದೆ. ಒಳಜಗಳದ ಹಿನ್ನೆಲೆಯಲ್ಲಿ 2020ರಲ್ಲಿ ವಿಶ್ವ ಕರಾಟೆ ಫೆಡರೇಷನ್ ಭಾರತದ ಕರಾಟೆ ಸಂಸ್ಥೆಗೆ ನೀಡಿದ್ದ ಮಾನ್ಯತೆಯನ್ನು ತಾತ್ಕಾಲಿಕವಾಗಿ ಹಿಂಪಡೆಯಿತು. ಮರುವರ್ಷ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕರಾಟೆ ಮೊದಲ ಬಾರಿಗೆ ಕಾಣಿಸಿಕೊಂಡಿತಾದರೂ 2024ರ ಪ್ಯಾರಿಸ್‌ನಲ್ಲಿ ಅದಕ್ಕೆ ಸ್ಥಾನ ಸಿಗಲಿಲ್ಲ. ಹೀಗಿದ್ದೂ 'ಅಂತಾರಾಷ್ಟ್ರೀಯ ಮಾನ್ಯತೆ' ಎಂಬ ಮಾತು ಬ್ಯಾನರುಗಳಿಂದ ಮರೆಯಾಗಿಲ್ಲ. ಶೋಟೊಕಾನ್, ಗೋಜು-ರ್ಯು, ಶಿಟೊ-ರ್ಯು, ವಾಡೊ-ರ್ಯು ಎಂದು ಕರಾಟೆಯಲ್ಲಿ ಹಲವು ಪಂಥಗಳಿದ್ದು, ಒಂದೊಂದಕ್ಕೂ ಹತ್ತಾರು ಸಂಘಗಳಿವೆ. ಅವುಗಳಲ್ಲಿ ಯಾವುದರ ಪ್ರಮಾಣಪತ್ರಕ್ಕೂ ಇನ್ನೊಂದು ತಲೆಬಾಗಬೇಕಾಗಿಲ್ಲ.

ಟೇಕ್ವಾಂಡೊದ ಸ್ಥಿತಿ ತುಸು ಮೇಲು. ಸೋಲ್‌ನಲ್ಲಿ 1972ರಲ್ಲಿ ಆರಂಭವಾದ ಕುಕ್ಕಿವಾನ್ ಎಂಬ ಕೇಂದ್ರವು ಬ್ಲ್ಯಾಕ್ ಬೆಲ್ಟಿನ ದರ್ಜೆಗಳಿಗೆ ಕ್ರಮಸಂಖ್ಯೆಯುಳ್ಳ ಪ್ರಮಾಣಪತ್ರ ನೀಡುತ್ತದೆ. ಅದರ ಸಾಚಾತನವನ್ನು ಅಂತರ್ಜಾಲದಲ್ಲೇ ಪರೀಕ್ಷಿಸಬಹುದು. ಆ ಪದ್ಧತಿಯಲ್ಲಿ 15 ವರ್ಷ ತುಂಬದ ಮಕ್ಕಳಿಗೆ ಕೆಂಪು-ಕಪ್ಪು ಬಣ್ಣದ 'ಪೂಮ್' ಬೆಲ್ಟ್ ಇದೆ. ಒಂಬತ್ತು ವರ್ಷದ ಪೋರ ಅಚ್ಚಕಪ್ಪು ಬೆಲ್ಟ್ ಕಟ್ಟಿ ನಿಂತಿರುವ ಟೇಕ್ವಾಂಡೊ ಶಾಲೆಯಲ್ಲಿ ಆ ಬೆಲ್ಟ್ ಎಲ್ಲಿಂದ ಬಂತೆಂದು ವಿಚಾರಿಸುವುದು ತಪ್ಪಲ್ಲ.

ಅಷ್ಟಕ್ಕೂ ಬೆಲ್ಟಿನ ಮೂಲವೇನು? 1882ರಲ್ಲಿ ಕೊಡೊಕಾನ್ ಸ್ಥಾಪಿಸಿದ ಜೂಡೊ ಪಿತಾಮಹ ಕಾನೊ ಜಿಗೊರೊ ತಮ್ಮ ಶಿಷ್ಯರ ಮಟ್ಟ ಗುರುತಿಸಲು ದರ್ಜೆಗಳನ್ನು ಜಾರಿಗೆ ತಂದರು. ಕರಾಟೆ ಅದನ್ನು ಎರವಲು ಪಡೆದದ್ದು 1924ರಲ್ಲಿ, ಫುನಾಕೋಶಿ ಗಿಚಿನ್ ಅವರ ಮೂಲಕ. ಬ್ಲ್ಯಾಕ್ ಬೆಲ್ಟಿನ ಮೊದಲ ದರ್ಜೆಗೆ ಜಪಾನಿ ಭಾಷೆಯಲ್ಲಿ 'ಶೋದಾನ್' ಎನ್ನುತ್ತಾರೆ. ಆರಂಭದ ಮೆಟ್ಟಿಲು ಎಂಬುದಷ್ಟೇ ಅದರ ಅರ್ಥ. ನಮ್ಮ ನಗರಗಳಲ್ಲಿ ಅದೇ ಪದವಿ ಪ್ರದಾನ ಸಮಾರಂಭವಾಗಿ, ಶಾಲು-ಹಾರ-ಫೋಟೊಗಳೊಂದಿಗೆ ಮುಗಿಯುತ್ತದೆ. ಮಾಸಿಕ ಶುಲ್ಕ ಕಡಿಮೆ ಎಂದು ಸೇರಿದವರಿಗೆ ಬೆಲ್ಟ್ ಪರೀಕ್ಷೆಯ ಶುಲ್ಕ, ಪ್ರಮಾಣಪತ್ರದ ಶುಲ್ಕ, ಪಂದ್ಯಾವಳಿಯ ಪ್ರವೇಶ ಶುಲ್ಕ ಒಂದೊಂದಾಗಿ ಎದುರಾಗುತ್ತವೆ. ವರ್ಷಕ್ಕೆ ಎಷ್ಟು ಪರೀಕ್ಷೆ, ಅನುತ್ತೀರ್ಣರಾದವರು ಯಾರಾದರೂ ಇದ್ದಾರೆಯೇ ಎಂದು ಮೊದಲೇ ಕೇಳಿದರೆ ಅರ್ಧ ಸಂಗತಿ ತಿಳಿದಂತೆ. ಎಲ್ಲರೂ ಎಲ್ಲ ಸಲವೂ ಉತ್ತೀರ್ಣರಾಗುವ ಕಡೆ ನಡೆಯುತ್ತಿರುವುದು ಪರೀಕ್ಷೆಯಲ್ಲ, ವ್ಯಾಪಾರ.

ಹಳೆಯ ಮೈಸೂರು, ದಾವಣಗೆರೆಗಳ ಗರಡಿ ಮನೆಗಳಲ್ಲಿ ಪ್ರಮಾಣಪತ್ರದ ಮಾತೇ ಇರಲಿಲ್ಲ. ಉಸ್ತಾದರ ನಡತೆ ಇಡೀ ಓಣಿಗೆ ಗೊತ್ತಿರುತ್ತಿತ್ತು. ಅವರ ಪೈಲ್ವಾನರು ದಸರಾ ಅಖಾಡದಲ್ಲಿ ಸೋಲುವುದನ್ನೂ ಗೆಲ್ಲುವುದನ್ನೂ ಊರೇ ಕಂಡಿರುತ್ತಿತ್ತು. ಗರಡಿಗಳಲ್ಲಿ ಎಲ್ಲವೂ ಚೆನ್ನಾಗಿತ್ತೆಂದಲ್ಲ. ಹೆಣ್ಣುಮಕ್ಕಳಿಗೆ ಅಲ್ಲಿ ಪ್ರವೇಶ ದುರ್ಲಭವಾಗಿತ್ತು. ಆದರೆ ನೆರೆಹೊರೆಯ ಆ ಕಣ್ಗಾವಲು ಅಪಾರ್ಟ್‌ಮೆಂಟಿನ ಕ್ಲಬ್ ಹೌಸ್‌ವರೆಗೆ ಬರಲಿಲ್ಲ.

ಹೊಸಬರಿಗೆ ಎದುರಾಗುವ ಅಪಾಯ ಹಣದ್ದಷ್ಟೇ ಅಲ್ಲ. ಜೂಡೊದ ತವರಾದ ಜಪಾನಿನಲ್ಲೇ 1983ರ ನಂತರದ ಮೂರು ದಶಕಗಳಲ್ಲಿ ಶಾಲಾ ಜೂಡೊದಿಂದ ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳು ಅಸುನೀಗಿದರು. ಹೆಚ್ಚಿನ ಸಾವುಗಳಿಗೆ ತಲೆಯ ಪೆಟ್ಟೇ ಕಾರಣ. ಬಲಿಯಾದವರಲ್ಲಿ ಆಗಷ್ಟೇ ಸೇರಿದ ಮೊದಲ ವರ್ಷದವರ ಪಾಲು ದೊಡ್ಡದು. 2012ರಲ್ಲಿ ಅಲ್ಲಿನ ಮಾಧ್ಯಮಿಕ ಶಾಲೆಗಳಲ್ಲಿ ಸಮರ ಕಲೆಯನ್ನು ಕಡ್ಡಾಯಗೊಳಿಸಿದಾಗ ಈ ವಿಷಯ ದೊಡ್ಡ ಚರ್ಚೆಗೆ ಗ್ರಾಸವಾಯಿತು. ಬೀಳುವುದನ್ನು ಕಲಿಯುವ ಮೊದಲೇ ಬೀಳಿಸಿಕೊಂಡವರ ಕತೆಯಿದು. ಆದ್ದರಿಂದ ಜೂಡೊ ಅಥವಾ ಕುಸ್ತಿಯ ತರಗತಿಯಲ್ಲಿ ಹೊಸಬರಿಗೆ ಮೊದಲ ವಾರಗಳಲ್ಲಿ ಏನು ಕಲಿಸುತ್ತಾರೆ, ನೆಲದ ಮೇಲೆ ಸರಿಯಾದ ಮ್ಯಾಟ್ ಇದೆಯೇ, ತಲೆಗೆ ಪೆಟ್ಟಾದ ಮಗುವನ್ನು ಕೂರಿಸುತ್ತಾರೋ ಅಥವಾ 'ಗಟ್ಟಿಯಾಗು' ಎಂದು ಮತ್ತೆ ಕಣಕ್ಕಿಳಿಸುತ್ತಾರೋ ಎಂಬುದನ್ನು ಕಣ್ಣಾರೆ ನೋಡಬೇಕು. ಹಣ ಕಟ್ಟುವ ಮೊದಲು ಎರಡು ತರಗತಿ ಮೂಲೆಯಲ್ಲಿ ಕುಳಿತು ನೋಡಿದರೆ ಸಾಕು. ಪೋಷಕರು ಒಳಗೆ ಕೂರುವುದನ್ನೇ ಒಪ್ಪದ ಶಾಲೆಯ ಬಗ್ಗೆ ಹೆಚ್ಚು ಯೋಚಿಸುವ ಅಗತ್ಯವಿಲ್ಲ. ಮಕ್ಕಳ ಕೈಯಲ್ಲಿ ಹೆಂಚು ಒಡೆಸಿ ಚಪ್ಪಾಳೆ ಗಿಟ್ಟಿಸುವವರದೂ ಇದೇ ಸಾಲು. ಬೆಳೆಯುವ ಎಲುಬಿಗೆ ಅದು ಬೇಡದ ಶಿಕ್ಷೆ.

ಕಾನೂನಿನ ಕೈಗೆ ಸಿಗುವ ಒಂದೇ ಒಂದು ಎಳೆ ಇದೆ. 2020ರ ಪೋಕ್ಸೊ ನಿಯಮಗಳು, ಮಕ್ಕಳೊಂದಿಗೆ ನಿಯಮಿತ ಸಂಪರ್ಕವಿರುವ ಸಂಸ್ಥೆಗಳು ತಮ್ಮ ಪ್ರತಿಯೊಬ್ಬ ಸಿಬ್ಬಂದಿಯ ಬಗ್ಗೆ ಕಾಲಕಾಲಕ್ಕೆ ಪೊಲೀಸ್ ಪರಿಶೀಲನೆ ಮಾಡಿಸಬೇಕೆಂದು ಹೇಳುತ್ತವೆ. ಶಾಲೆ, ಶಿಶುವಿಹಾರಗಳ ಜೊತೆಗೆ ಕ್ರೀಡಾ ಅಕಾಡೆಮಿಗಳ ಹೆಸರೂ ಅಲ್ಲಿ ಸ್ಪಷ್ಟವಾಗಿದೆ. ತೊಡಕಿರುವುದು ಹೊಣೆಗಾರಿಕೆಯಲ್ಲಿ. ದೊಡ್ಡ ಶಾಲೆಗೆ ಆಡಳಿತ ಮಂಡಳಿಯಿದೆ. ಉದ್ಯಾನದಲ್ಲಿ ಇಪ್ಪತ್ತು ಮಕ್ಕಳಿಗೆ ಕಲಿಸುವವರ ವಿಚಾರದಲ್ಲಿ ಸಂಸ್ಥೆಯೂ ಅವರೇ, ಸಿಬ್ಬಂದಿಯೂ ಅವರೇ. ತಮ್ಮನ್ನು ತಾವೇ ಪರಿಶೀಲಿಸಿಕೊಳ್ಳಬೇಕು! ಪ್ರಾಮಾಣಿಕ ಶಿಕ್ಷಕರಿಗೂ ಇದರಿಂದ ಅನ್ಯಾಯವೇ. ದಶಕಗಳಿಂದ ಬೆವರು ಹರಿಸಿ ಕಲಿಸುತ್ತಿರುವವರು ಮತ್ತು ನಿನ್ನೆ ಬೆಲ್ಟ್ ಕೊಂಡವರು ಬ್ಯಾನರಿನಲ್ಲಿ ಒಂದೇ ರೀತಿ ಕಾಣುತ್ತಾರೆ.

ಹೆಣ್ಣುಮಕ್ಕಳಿಗೆ ಆತ್ಮರಕ್ಷಣೆ ಕಲಿಸುವುದು ಅಗತ್ಯವೆಂದು ಸರ್ಕಾರವೇ ಒಪ್ಪಿದೆ. ರಾಜ್ಯದ ವಿದ್ಯಾರ್ಥಿನಿಲಯಗಳಲ್ಲಿ ಓಬವ್ವನ ಹೆಸರಿನಲ್ಲಿ, ಸರ್ಕಾರಿ ಶಾಲೆಗಳಲ್ಲಿ ರಾಣಿ ಲಕ್ಷ್ಮೀಬಾಯಿಯ ಹೆಸರಿನಲ್ಲಿ ತರಬೇತಿಗಳು ರೂಪುಗೊಂಡಿವೆ. ಖಾಸಗಿ ತರಗತಿಗಳ ಶಿಕ್ಷಕರ ಹೆಸರು, ಕಲಿತ ಪರಂಪರೆ, ಪೊಲೀಸ್ ಪರಿಶೀಲನೆಯ ದಿನಾಂಕಗಳನ್ನು ಸಾರ್ವಜನಿಕರು ನೋಡಬಹುದಾದ ಪಟ್ಟಿಯೊಂದರಲ್ಲಿ ದಾಖಲಿಸುವುದು ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಗೆ ಅಸಾಧ್ಯದ ಕೆಲಸವೇನಲ್ಲ. ಅಲ್ಲಿಯವರೆಗೆ ಆ ಕೆಲಸ ಜಾಗ ಕೊಡುವವರದು. ಪೊಲೀಸ್ ಪರಿಶೀಲನಾ ಪ್ರಮಾಣಪತ್ರಕ್ಕೆ ಸೇವಾ ಸಿಂಧು ಮೂಲಕವೇ ಅರ್ಜಿ ಸಲ್ಲಿಸಬಹುದು. ಕ್ಲಬ್ ಹೌಸ್ ಬಾಡಿಗೆಗೆ ಕೊಡುವಾಗ ಮುಂಗಡ ಠೇವಣಿಯನ್ನು ಮರೆಯದೆ ಕೇಳುವ ನಿವಾಸಿಗಳ ಸಂಘಗಳು ಅದರೊಂದಿಗೆ ಈ ಒಂದು ಕಾಗದವನ್ನೂ ಕೇಳಬಹುದು.