ಒಂದಂತಸ್ತೋ, ಎರಡಂತಸ್ತೋ?

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಅರಿಯದವರು ನಮ್ಮಲ್ಲಿ ವಿರಳ. ಮನೆ ಕಟ್ಟಲು ಹೊರಟ ಗೃಹಸ್ಥನಿಗೆ ಮೊದಮೊದಲು ಎದುರಾಗುವ ಪ್ರಶ್ನೆಗಳಲ್ಲಿ ಒಂದು: ಇರುವ ನಿವೇಶನದಲ್ಲಿ ನೆಲದ ಮೇಲೆಯೇ ಹರಡಿ ಕಟ್ಟಬೇಕೆ, ಇಲ್ಲವೆ ಮಹಡಿ ಏರಿಸಬೇಕೆ? ಕನ್ನಡದಲ್ಲಿ ‘ಅಂತಸ್ತು’ ಎಂಬ ಶಬ್ದಕ್ಕೆ ಮಹಡಿಯೆಂಬ ಅರ್ಥವೂ ಉಂಟು, ಸಮಾಜದಲ್ಲಿನ ಸ್ಥಾನಮಾನವೆಂಬ ಅರ್ಥವೂ ಉಂಟು. ಈ ಎರಡು ಅರ್ಥಗಳನ್ನು ಬೆರೆಸಿಕೊಂಡು, ನೆರೆಯವರಿಗಿಂತ ಒಂದು ಅಂತಸ್ತು ಹೆಚ್ಚಾಗಿ ಕಟ್ಟುವುದೇ ಸರಿಯಾದ ಉತ್ತರವೆಂದು ಭಾವಿಸುವವರು ಕಡಿಮೆಯಿಲ್ಲ. ಈ ಪ್ರಶ್ನೆಯನ್ನು ಕುರಿತು ಭೌತವಿಜ್ಞಾನವೂ ಕೆಲವು ಮಾತುಗಳನ್ನು ಹೇಳಬಲ್ಲದು. ನಾಳೆ ಮನೆ ಕಟ್ಟಲಿರುವ ಇಂದಿನ ವಿದ್ಯಾರ್ಥಿಗಳು ಅವನ್ನು ಕೇಳಿಟ್ಟುಕೊಳ್ಳುವುದು ಒಳ್ಳೆಯದು.

ಮೊದಲು ಒಂದು ಸುಲಭವಾದ ಲೆಕ್ಕವನ್ನು ಮಾಡೋಣ. ನಮಗೆ ಹನ್ನೆರಡು ಚದರದ, ಎಂದರೆ ೧೨೦೦ ಚದರಡಿಯ ಮನೆ ಬೇಕಾಗಿದೆಯೆನ್ನಿ. ಒಂದೇ ಅಂತಸ್ತಾದರೆ ೩೦ ಅಡಿ ಅಗಲ, ೪೦ ಅಡಿ ಉದ್ದ. ಗೋಡೆಯ ಎತ್ತರ ೧೦ ಅಡಿಯಾದರೆ ಹೊರಗೋಡೆಗಳ ವಿಸ್ತೀರ್ಣ ೧೪೦೦ ಚದರಡಿ, ಛಾವಣಿಯದು ೧೨೦೦, ಒಟ್ಟು ೨೬೦೦. ಅದನ್ನೇ ೩೦ ಅಡಿಗೆ ೨೦ ಅಡಿಯಂತೆ ಎರಡು ಅಂತಸ್ತುಗಳಾಗಿ ಕಟ್ಟಿದರೆ ಗೋಡೆಗಳ ವಿಸ್ತೀರ್ಣ ೨೦೦೦, ಛಾವಣಿಯದು ೬೦೦. ಒಟ್ಟು ಮತ್ತೆ ೨೬೦೦! ಬಿಸಿಲಿಗೂ ಗಾಳಿಗೂ ಒಡ್ಡಿದ ಮೈ ಎರಡರಲ್ಲಿಯೂ ಸಮವೇ. ಹಾಗಾದರೆ ಭೇದವೆಲ್ಲಿದೆ?

ಭೇದವಿರುವುದು ಸೂರ್ಯನ ಹಾದಿಯಲ್ಲಿ. ಬೆಂಗಳೂರು ಭೂಮಧ್ಯರೇಖೆಯಿಂದ ೧೩ ಅಂಶ ಉತ್ತರಕ್ಕಿದೆ. ಏಪ್ರಿಲ್ ೨೪ರ ಸುಮಾರಿಗೆ ಒಮ್ಮೆ, ಆಗಸ್ಟ್ ೧೮ರ ಸುಮಾರಿಗೆ ಮತ್ತೊಮ್ಮೆ ಅಲ್ಲಿ ನಡುಹಗಲಿನ ಸೂರ್ಯನು ನೆತ್ತಿಯ ಮೇಲೆಯೇ ಇರುತ್ತಾನೆ. ಆಗ ನೇರ ಕಿರಣಗಳು ಗೋಡೆಯನ್ನು ಸವರಿಕೊಂಡು ಹೋಗುತ್ತವೆಯೇ ಹೊರತು ಅದನ್ನು ಕಾಯಿಸಲಾರವು. ಛಾವಣಿಯಾದರೋ ಅವುಗಳ ಪೂರ್ಣ ಹೊಡೆತಕ್ಕೆ ಸಿಕ್ಕುತ್ತದೆ. ನಿರ್ಮಲವಾದ ಆಕಾಶವಿದ್ದಾಗ ಪ್ರತಿ ಚದರ ಮೀಟರಿಗೆ ಬೀಳುವ ಶಕ್ತಿ ಸುಮಾರು ೧೦೦೦ ವಾಟ್. ೧೨೦೦ ಚದರಡಿಯ ಛಾವಣಿಗೆ ಇದು ನೂರು ಕಿಲೊವಾಟನ್ನೂ ಮೀರುತ್ತದೆ. ೬೦೦ ಚದರಡಿಯ ಛಾವಣಿಗೆ ಅದರ ಅರ್ಧ ಮಾತ್ರ. ಶೀತದೇಶಗಳಲ್ಲಿ ಒಳಗಿನ ಶಾಖವು ಹೊರಕ್ಕೆ ಸೋರದಂತೆ ನೋಡಿಕೊಳ್ಳಬೇಕಾದುದರಿಂದ ಅಲ್ಲಿ ಒಟ್ಟು ಮೈಯ ಲೆಕ್ಕ ಮುಖ್ಯ. ನಮ್ಮ ನಾಡಿನಲ್ಲಿ ಮುಖ್ಯವಾದುದು ಛಾವಣಿ. ಪರದೇಶದ ಮನೆಯ ನಕ್ಷೆಯನ್ನು ಕಣ್ಣುಮುಚ್ಚಿ ಅನುಸರಿಸಬಾರದೆಂಬುದಕ್ಕೆ ಇಷ್ಟು ಸಾಕು.

ಹೀಗೆ ಮಹಡಿಯ ಮನೆಯಲ್ಲಿ ಕೆಳಗಿನ ಅಂತಸ್ತು ತಂಪಾಗಿರುತ್ತದೆ. ಆದರೆ ಅದಕ್ಕೆ ಕೊಡೆ ಹಿಡಿದು ತಾನು ಬೇಯುವುದು ಮೇಲಿನ ಅಂತಸ್ತು. ಕಾಂಕ್ರೀಟು ಹಗಲೆಲ್ಲ ಹೀರಿದ ಶಾಖವನ್ನು ರಾತ್ರಿ, ನಾವು ಮಲಗುವ ಹೊತ್ತಿಗೆ, ಕೋಣೆಯೊಳಕ್ಕೆ ಬಿಡುತ್ತದೆ. ಮಲೆನಾಡಿನ ಹೆಂಚಿನ ಮನೆಗಳಲ್ಲಿ ಹಿರಿಯರು ಅಟ್ಟವನ್ನು ಇಟ್ಟುದು ಸಾಮಾನು ತುಂಬಲೆಂದೇ ಇರಬಹುದು. ಆದರೆ ಅಲ್ಲಿನ ಗಾಳಿಯ ಪದರವು ಶಾಖಕ್ಕೆ ತಡೆಯಾಗಿಯೂ ಕೆಲಸ ಮಾಡುತ್ತಿತ್ತು. ಇಂದಿನ ತಾರಸಿಗೆ ಬಿಳಿಯ ಸುಣ್ಣವನ್ನು ಬಳಿದರೂ ಬಿಸಿಲಿನ ಬಹುಭಾಗವನ್ನು ಹಿಂದಕ್ಕೆ ಕಳುಹಿಸಬಹುದು. ಇಷ್ಟು ಅಗ್ಗವಾದ ಉಪಾಯವನ್ನು ನಮ್ಮವರು ಅಲಕ್ಷಿಸುತ್ತಿರುವುದು ವಿಷಾದಕರ.

ಎರಡನೆಯ ವಿಚಾರ ನೆಲದ್ದು. ೪೦ ಅಡಿಗೆ ೬೦ ಅಡಿಯ ನಿವೇಶನದಲ್ಲಿ ನಮ್ಮ ಒಂದಂತಸ್ತಿನ ಮನೆಯು ಅರ್ಧ ನೆಲವನ್ನು ಮುಚ್ಚಿದರೆ, ಎರಡಂತಸ್ತಿನದು ಕಾಲುಭಾಗವನ್ನು ಮಾತ್ರ ಮುಚ್ಚುತ್ತದೆ. ಉಳಿದ ೬೦೦ ಚದರಡಿಯ ಮೇಲೆ ಬೆಂಗಳೂರಿನಲ್ಲಿ ವರ್ಷಕ್ಕೆ ಸುರಿಯುವ ಮಳೆ ೫೦ ಸಾವಿರ ಲೀಟರಿಗೂ ಹೆಚ್ಚು. ಮಣ್ಣು ತೆರೆದಿದ್ದರೆ ಅದರಲ್ಲಿ ಒಂದು ಪಾಲು ಇಂಗಿ ಅಂತರ್ಜಲವನ್ನು ಸೇರುತ್ತದೆ. ಎರಡು ಮರಗಳಿಗೂ ಎಡೆ ಸಿಕ್ಕುತ್ತದೆ. ೨೦೨೨ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹಲವು ಬಡಾವಣೆಗಳು ಜಲಾವೃತವಾದುದಕ್ಕೆ ಕಾರಣಗಳು ಅನೇಕ. ನೆಲವನ್ನೆಲ್ಲ ಮುಚ್ಚಿಬಿಡುವ ನಮ್ಮ ಅಭ್ಯಾಸವೂ ಅವುಗಳಲ್ಲಿ ಒಂದು. ಆದರೆ ಮಹಡಿಯನ್ನೂ ಏರಿಸಿ, ಉಳಿದ ಅಂಗಳಕ್ಕೂ ಕಾಂಕ್ರೀಟು ಹಾಸಿದರೆ ಈ ಲಾಭವೆಲ್ಲ ಮಣ್ಣುಪಾಲಲ್ಲ, ಚರಂಡಿಯ ಪಾಲು!

ಇನ್ನು ಮೆಟ್ಟಿಲಿನ ಮಾತು. ಎರಡೂ ಅಂತಸ್ತುಗಳಲ್ಲಿ ಸೇರಿ ಅದು ಸುಮಾರು ಒಂದು ಚದರ ಜಾಗವನ್ನು ನುಂಗುತ್ತದೆ. ೬೦ ಕಿಲೊಗ್ರಾಂ ತೂಕದ ವ್ಯಕ್ತಿಯು ೩ ಮೀಟರ್ ಏರಲು ಮಾಡುವ ಕೆಲಸ ಸುಮಾರು ೧೮೦೦ ಜೂಲ್. ಸ್ನಾಯುಗಳ ದಕ್ಷತೆ ಕಾಲುಭಾಗವೆಂದು ಹಿಡಿದರೂ ತಗಲುವ ಶಕ್ತಿ ಎರಡು ಕಿಲೊಕ್ಯಾಲೊರಿಗಿಂತ ಕಡಿಮೆ. ತರುಣರಿಗೆ ಇದು ಲೆಕ್ಕಕ್ಕೇ ಇಲ್ಲ. ಆದರೆ ಇಲ್ಲಿ ಎಣಿಸಬೇಕಾದುದು ಶಕ್ತಿಯನ್ನಲ್ಲ, ಬಲವನ್ನು. ಮೆಟ್ಟಿಲು ಹತ್ತಿಳಿಯುವಾಗ ಮೊಣಕಾಲಿನ ಕೀಲಿನ ಮೇಲೆ ದೇಹದ ತೂಕದ ಸುಮಾರು ಮೂರು ಪಟ್ಟು ಬಲ ಬೀಳುತ್ತದೆ. ಮನೆಯನ್ನು ಕಟ್ಟುವವನು ಮೂವತ್ತೈದರ ಹರೆಯದವನಾಗಿರಬಹುದು. ಮನೆ ಮಾತ್ರ ಅವನ ಎಪ್ಪತ್ತನೆಯ ವರ್ಷದಲ್ಲಿಯೂ ಅಷ್ಟೇ ಮೆಟ್ಟಿಲುಗಳೊಡನೆ ನಿಂತಿರುತ್ತದೆ. ಅವನ ತಂದೆತಾಯಿಗಳಿಗಾದರೋ ಆ ಕಷ್ಟ ಗೃಹಪ್ರವೇಶದ ದಿನದಿಂದಲೇ ಆರಂಭ.

ಭದ್ರತೆಯ ವಿಷಯದಲ್ಲಿ ಒಂದು ತಪ್ಪು ಕಲ್ಪನೆಯಿದೆ. ಒಂದಂತಸ್ತಿನ ಮನೆಯು ತಾನಾಗಿಯೇ ನಿರಪಾಯಕರವೆಂದು ಅನೇಕರು ನಂಬಿದ್ದಾರೆ. ೧೯೯೩ರ ಸೆಪ್ಟೆಂಬರ್ ೩೦ರ ಬೆಳಗಿನ ಜಾವ ಮಹಾರಾಷ್ಟ್ರದ ಕಿಲ್ಲಾರಿಯ ಸುತ್ತಮುತ್ತ ಭೂಮಿ ನಡುಗಿದಾಗ, ದಪ್ಪ ಕಲ್ಲಿನ ಗೋಡೆಗಳೂ ಭಾರವಾದ ಮಣ್ಣಿನ ಮಾಳಿಗೆಯೂ ಇದ್ದ ತಗ್ಗಾದ ಮನೆಗಳೇ ಕುಸಿದು ಸಾವಿರಾರು ಜನರನ್ನು ಬಲಿ ತೆಗೆದುಕೊಂಡುವು. ಎರೆಭೂಮಿಯು ನೀರು ಕುಡಿದು ಉಬ್ಬುವಾಗ ಹಗುರವಾದ ಚಿಕ್ಕ ಮನೆಯನ್ನೇ ಸುಲಭವಾಗಿ ಎತ್ತಿ ಬಿರುಕು ಬಿಡಿಸುತ್ತದೆ. ಆದುದರಿಂದ ಕಾಪಾಡುವುದು ಅಂತಸ್ತುಗಳ ಸಂಖ್ಯೆಯಲ್ಲ. ಮಣ್ಣಿಗೆ ತಕ್ಕ ತಳಪಾಯ, ಗೋಡೆಗಳ ಬಿಗಿಯಾದ ಕಟ್ಟು. ಒಂದಂತಸ್ತಿಗೆಂದು ಹಾಕಿದ ತಳಪಾಯದ ಮೇಲೆ ಮುಂದೊಂದು ದಿನ ಇನ್ನೆರಡನ್ನು ಹೇರುವುದು ಅಪಾಯಕ್ಕೆ ಆಹ್ವಾನ. ‘ಮುಂದೆ ಕಟ್ಟೋಣ’ವೆಂದು ಕಂಬಗಳ ತುದಿಯಲ್ಲಿ ಬಿಟ್ಟ ಕಬ್ಬಿಣದ ಸರಳುಗಳೂ ಅಷ್ಟೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಬೇಡುವುದರಿಂದ, ಅದು ಒಳಕ್ಕಿಳಿದಂತೆಲ್ಲ ಕಾಂಕ್ರೀಟನ್ನು ಸೀಳುತ್ತದೆ.

ಇವೆಲ್ಲವನ್ನೂ ತೂಗಿ ನೋಡಿದರೆ ನಮ್ಮ ಅಭಿಪ್ರಾಯ ಹೀಗಿದೆ. ಹಳ್ಳಿಯಲ್ಲಿ, ವಿಶಾಲವಾದ ಹಿತ್ತಿಲಿರುವವರು ನೆರಳಿನ ಜಗಲಿ, ತಂಪಾದ ಹೆಂಚಿನ ಮಾಡು ಇರುವ ಒಂದಂತಸ್ತಿನ ಮನೆಯನ್ನು ಬಿಟ್ಟು ಮಹಡಿಗೆ ಆಸೆಪಡಬೇಕಾಗಿಲ್ಲ. ನೆಲ ದುರ್ಲಭವಾಗಿರುವ ಪಟ್ಟಣದಲ್ಲಿ ಎರಡಂತಸ್ತೇ ಮೇಲು. ಆದರೆ ಮಲಗುವ ಕೋಣೆಯೊಂದೂ ಬಚ್ಚಲುಮನೆಯೂ ಕೆಳಗೆ ಇರಲೇಬೇಕು, ತಾರಸಿ ಬೆಳ್ಳಗಿರಬೇಕು, ಉಳಿಸಿದ ನೆಲ ನೆಲವಾಗಿಯೇ ಉಳಿಯಬೇಕು. ಈ ಮೂರನ್ನು ನೆರವೇರಿಸದೆ ಮಹಡಿಯನ್ನು ಏರಿಸಿದವರಿಗೆ ಅಂತಸ್ತು ಎಂಬ ಶಬ್ದದ ಎರಡನೆಯ ಅರ್ಥ ಮಾತ್ರ ದಕ್ಕೀತು.