ನಾಯಿಯ ಉಗುರು, ಮನೆಯವರ ತಾಳ್ಮೆ

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿಯನ್ನೆತ್ತಬಾರದೆಂದು ಹಿರಿಯರು ಹೇಳಿದ್ದಾರೆ. ಆದರೆ ತೆಗೆಯಬೇಕಾದದ್ದು ಉಗುರೇ ಆಗಿ, ಆ ಉಗುರು ಮನೆಯ ನಾಯಿಯದಾದಾಗ, ಎಷ್ಟೋ ಮನೆಗಳಲ್ಲಿ ಕೊಡಲಿಯನ್ನೆತ್ತಿದಷ್ಟೇ ಗದ್ದಲವಾಗುತ್ತದೆ. ಕುತ್ತಿಗೆಯನ್ನು ಅಮುಕುವವರೊಬ್ಬರು, ಕಾಲನ್ನು ಹಿಡಿಯುವವರೊಬ್ಬರು, ದೂರ ನಿಂತು ಸಲಹೆ ಕೊಡುವವರು ಇಬ್ಬರು. ನಡುವೆ, ತನಗೇನು ಗತಿ ಬಂದಿತೆಂದು ತಿಳಿಯದೆ ಒದ್ದಾಡುವ ಮೂಕಪ್ರಾಣಿ. ಕೆಲಸ ಮುಗಿಯುವ ವೇಳೆಗೆ ನೆಲದ ಮೇಲೆ ನಾಲ್ಕು ಹನಿ ರಕ್ತ, ಯಾರದೋ ಮುಂಗೈಯ ಮೇಲೆ ಪರಚಿದ ಗಾಯ. ಇಷ್ಟಾಗಿಯೂ 18 ಉಗುರುಗಳಲ್ಲಿ ಮೂರನ್ನು ತೆಗೆದಿದ್ದರೆ ಹೆಚ್ಚು.

ನಾಯಿಯ ಉಗುರು ಬೆಕ್ಕಿನ ಉಗುರಿನಂತೆ ಒಳಸರಿಯತಕ್ಕದ್ದಲ್ಲ. ಅದು ಸದಾ ಹೊರಗೇ ಇದ್ದು, ನಡೆಯುವಾಗ, ಓಡುವಾಗ, ಮಣ್ಣು ಕೆರೆಯುವಾಗ ಸವೆಯುತ್ತದೆ. ಬೆಳೆಯುವುದೂ ಸವೆಯುವುದೂ ಸರಿಸಮವಾಗಿದ್ದರೆ ಕತ್ತರಿಯ ಮಾತೇ ಬಾರದು. ಬಾಗಲಕೋಟೆ ಜಿಲ್ಲೆಯ ಮುಧೋಳದ ಬೇಟೆನಾಯಿಯನ್ನೇ ನೋಡಬಹುದು. ನೀಳವಾದ ಕಾಲು, ಸಣ್ಣ ನಡು, ಬಾಣದಂಥ ಓಟ. 2005ರಲ್ಲಿ ಭಾರತೀಯ ಅಂಚೆ ಇಲಾಖೆಯು ದೇಶೀಯ ನಾಯಿಗಳ ಚಿತ್ರವುಳ್ಳ ಅಂಚೆಚೀಟಿಗಳನ್ನು ಹೊರತಂದಾಗ ಅವುಗಳಲ್ಲಿ ಇದಕ್ಕೂ ಒಂದು ಸ್ಥಾನ ದೊರೆಯಿತು. ಹೊಲಗಳ ನಡುವೆ, ಕಲ್ಲುಮಣ್ಣಿನ ದಾರಿಯಲ್ಲಿ ದಿನವೂ ಓಡಾಡುವವರೆಗೆ ಇಂಥ ನಾಯಿಯ ಉಗುರನ್ನು ನೆಲವೇ ತೇಯ್ದುಕೊಡುತ್ತದೆ. ಅದೇ ನಾಯಿ ಬೆಂಗಳೂರಿನ ಮೂರನೆಯ ಮಹಡಿಯ ಮನೆಯೊಂದಕ್ಕೆ ಬಂದು, ಕನ್ನಡಿಯಂತೆ ಹೊಳೆಯುವ ಟೈಲ್ಸ್ ನೆಲದ ಮೇಲೆ ದಿನಗಳೆಯತೊಡಗಿದರೆ, ಉಗುರು ಬೆಳೆಯುವುದು ನಿಲ್ಲದು. ಸವೆಯುವುದು ಮಾತ್ರ ನಿಂತುಹೋಗುತ್ತದೆ.

ಅಂಥ ಒಂದು ಮನೆಯನ್ನು ಕಣ್ಣಮುಂದೆ ತಂದುಕೊಳ್ಳಬಹುದು. ಆ ಮನೆಯ ಅಜ್ಜಿಗೆ ಕಣ್ಣು ಮಂಜಾಗಿದ್ದರೂ ಕಿವಿ ಚುರುಕು. ನಾಯಿ ನಡುಮನೆಯಲ್ಲಿ ಓಡಾಡಿದಾಗ ಟಕಟಕನೆ ಸದ್ದಾಗುವುದನ್ನು ಮೊದಲು ಗುರುತಿಸಿದವರು ಅವರೇ.

“ಇದೇನೋ ಮಗೂ, ನಾಯಿ ನಡೆದರೆ ಯಾರೋ ಬೆರಳಲ್ಲಿ ಮೇಜು ಕುಟ್ಟಿದ ಹಾಗೆ ಕೇಳುತ್ತೆ? ಮೊದಲು ಹೀಗಿರಲಿಲ್ಲ.”

“ಉಗುರು ಬೆಳೆದಿದೆಯಮ್ಮ, ಅಷ್ಟೇ” ಎಂದ ಮಗ, ಪತ್ರಿಕೆಯಿಂದ ಕಣ್ಣೆತ್ತದೆ.

ಅದು ‘ಅಷ್ಟೇ’ ಆಗಿದ್ದರೆ ಚಿಂತೆಯಿರಲಿಲ್ಲ. ನಾಯಿಯ ಉಗುರು ಬೆರಳಿನ ಕೊನೆಯ ಮೂಳೆಗೇ ಹೊಂದಿಕೊಂಡು ಬೆಳೆಯುವಂಥದು. ಅದು ನೆಲಕ್ಕೊತ್ತುವಷ್ಟು ಉದ್ದವಾದರೆ, ನಾಯಿ ನಿಂತಾಗಲೆಲ್ಲ ನೆಲವು ಉಗುರನ್ನೂ ಉಗುರು ಬೆರಳನ್ನೂ ಹಿಂದಕ್ಕೆ ತಳ್ಳುತ್ತವೆ. ಆ ಯಾತನೆಯನ್ನು ತಪ್ಪಿಸಿಕೊಳ್ಳಲು ನಾಯಿ ತನ್ನ ನಿಲುವನ್ನೂ ನಡಿಗೆಯನ್ನೂ ಬದಲಿಸಿಕೊಳ್ಳುತ್ತದೆ. ಬೆರಳುಗಳು ಅಗಲಿಸುತ್ತವೆ, ಕೀಲುಗಳ ಮೇಲೆ ಸಲ್ಲದ ಭಾರ ಬೀಳುತ್ತದೆ, ನುಣುಪಾದ ನೆಲದಲ್ಲಿ ಕಾಲು ಜಾರುತ್ತದೆ. ಮುಂಗಾಲಿನ ಒಳಮಗ್ಗುಲಲ್ಲಿ, ತುಸು ಮೇಲಕ್ಕಿರುವ ಹೆಬ್ಬೆರಳಿನ ಉಗುರಿನದು ಇನ್ನೂ ದೊಡ್ಡ ಅಪಾಯ. ನಿಂತಾಗ ನೆಲಕ್ಕೆ ತಾಗದ ಕಾರಣ ಅದು ಸವೆಯುವುದೂ ಕಡಮೆ. ಯಾರೂ ಗಮನಿಸದಿದ್ದರೆ ಟಗರಿನ ಕೊಂಬಿನಂತೆ ಸುತ್ತಿಕೊಂಡು ಬೆಳೆದು, ಕೊನೆಗೆ ತನ್ನ ಕಾಲಿನ ಚರ್ಮವನ್ನೇ ಚುಚ್ಚಿ ಒಳಹೊಗುತ್ತದೆ. ಗಾಯ ಕೀವುಗಟ್ಟಿ ನಾಯಿ ಕುಂಟತೊಡಗಿದ ಮೇಲೆಯೇ ಎಷ್ಟೋ ಮನೆಗಳಲ್ಲಿ ಇದರ ಅರಿವಾಗುವುದು.

ಅಜ್ಜಿಯ ಒತ್ತಾಯಕ್ಕೆ ಮಣಿದು ಮಗ ಒಂದು ಭಾನುವಾರ ಮನೆಮಂದಿ ಬಳಸುವ ನೈಲ್‌ಕಟರನ್ನೇ ಹಿಡಿದು ಕುಳಿತ. ಮನುಷ್ಯರ ಚಪ್ಪಟೆ ಉಗುರಿಗೆಂದು ಮಾಡಿದ ಆ ಸಾಧನವು ನಾಯಿಯ ದುಂಡನೆಯ ಗಟ್ಟಿ ಉಗುರನ್ನು ಕತ್ತರಿಸುವ ಬದಲು ಅಮುಕಿ ಸೀಳಿತು. ಎರಡನೆಯ ಉಗುರಿಗೆ ಬಲ ಹೆಚ್ಚಾಗಿ ರಕ್ತ ಬಂದಿತು. ನಾಯಿ ಚೀರಿ, ಕೊಸರಿಕೊಂಡು ಮಂಚದ ಕೆಳಗೆ ಸೇರಿತು. ಅಂದಿನಿಂದ ಮೇಜಿನ ಡ್ರಾಯರನ್ನು ಎಳೆದ ಸದ್ದು ಕೇಳಿದರೆ ಸಾಕು, ಅದು ಮಂಚದ ಕೆಳಗೆ. ಉಗುರಿನ ಗಾಯ ಕೆಲವೇ ದಿನಗಳಲ್ಲಿ ಮಾಯಿತು. ಕಳೆದುಹೋದ ನಂಬಿಕೆ ಮರಳುವುದಕ್ಕೆ ತಿಂಗಳುಗಳೇ ಬೇಕಾದವು.

ಆ ತಿಂಗಳುಗಳ ಕೆಲಸವನ್ನು ಕೈಗೆತ್ತಿಕೊಂಡವಳು ಸೊಸೆ. ಅವಳು ಮೊದಲು ನಾಯಿಯನ್ನು ಪಶುವೈದ್ಯರ ಬಳಿಗೆ ಕರೆದೊಯ್ದು, ಅವರು ಉಗುರು ತೆಗೆಯುವುದನ್ನು ಕಣ್ಣಾರೆ ಕಂಡು ಬಂದಳು. ಹೊಸದಾಗಿ ಈ ಕೆಲಸಕ್ಕೆ ಕೈಹಾಕುವವರೆಲ್ಲರೂ ಹೀಗೆ ಮಾಡುವುದು ಒಳ್ಳೆಯದು. ನಾಯಿಗಳಿಗೆಂದೇ ಮಾಡಿದ ಸಾಧನಗಳಲ್ಲಿ ಮುಖ್ಯವಾಗಿ ಎರಡು ಬಗೆ. ಕತ್ತರಿಯಂತೆ ಎರಡು ಅಲಗುಗಳು ಕೂಡಿ ಕತ್ತರಿಸುವುದು ಒಂದು. ರಂಧ್ರದೊಳಗೆ ಉಗುರನ್ನು ತೂರಿಸಿ ಹಿಡಿಯನ್ನು ಅದುಮಿದರೆ ಅಲಗು ಸರಿದು ಕತ್ತರಿಸುವುದು ಇನ್ನೊಂದು. ದೊಡ್ಡ ನಾಯಿಯ ದಪ್ಪ ಉಗುರಿಗೆ ಮೊದಲನೆಯದೇ ಅನುಕೂಲ. ಯಾವುದಾದರೂ ಸರಿಯೇ, ಅಲಗು ಹರಿತವಾಗಿರಬೇಕು. ಮೊಂಡು ಅಲಗು ಉಗುರನ್ನು ಜಜ್ಜುತ್ತದೆ, ಜಜ್ಜಿದರೆ ನೋವು. ಉಗುರನ್ನು ತೇಯುವ ಪುಟ್ಟ ಯಂತ್ರಗಳೂ ದೊರೆಯುತ್ತವೆ. ಆದರೆ ಒಂದೇ ಕಡೆ ಹೆಚ್ಚು ಹೊತ್ತು ಹಿಡಿದರೆ ಅವು ಉಗುರನ್ನು ಬಿಸಿಮಾಡುತ್ತವೆ. ಕೆಲವು ಕ್ಷಣ ತೇಯ್ದು ತೆಗೆಯಬೇಕು; ಪಾದದ ಕೂದಲು ಯಂತ್ರಕ್ಕೆ ಸಿಲುಕದಂತೆ ನೋಡಿಕೊಳ್ಳಬೇಕು.

ಸೊಸೆ ಕತ್ತರಿಯನ್ನು ತಂದಳೇ ಹೊರತು ಕೂಡಲೇ ಬಳಸಲಿಲ್ಲ. ಮೊದಲ ಕೆಲವು ದಿನ, ನಾಯಿ ನೆಮ್ಮದಿಯಾಗಿ ಮಲಗಿದ್ದಾಗ ಅದರ ಪಾದವನ್ನು ಮುಟ್ಟಿ, ಬೇಯಿಸಿದ ಮೊಟ್ಟೆಯ ಒಂದು ಚೂರನ್ನು ಕೊಟ್ಟು ಎದ್ದುಹೋಗುತ್ತಿದ್ದಳು. ಬಳಿಕ ಬೆರಳುಗಳನ್ನು ಒಂದೊಂದಾಗಿ ಮೆಲ್ಲನೆ ಒತ್ತಿ ನೋಡುವುದು; ಆಮೇಲೆ ಕತ್ತರಿಯನ್ನು ಪಕ್ಕದಲ್ಲಿ ಸುಮ್ಮನೆ ಇಟ್ಟುಕೊಳ್ಳುವುದು; ಅನಂತರ ನಾಯಿಯ ಎದುರಿಗೆ ತೆಂಗಿನ ಪೊರಕೆಯ ಕಡ್ಡಿಯನ್ನು ಅದರಿಂದ ತುಂಡರಿಸಿ, ಆ ಸದ್ದಿಗೂ ಒಂದು ಚೂರು ತಿಂಡಿಗೂ ನಂಟು ಬೆಳೆಸುವುದು. ಹೀಗೆ ಮೂರು ವಾರ ಕಳೆದ ಮೇಲೆ ಒಂದು ಬೆಳಗ್ಗೆ ಅವಳು ಒಂದೇ ಒಂದು ಉಗುರಿನ ತುದಿಯನ್ನು ತೆಗೆದಳು. ಅಂದಿಗೆ ಅಷ್ಟೇ ಸಾಕೆಂದು ಕತ್ತರಿಯನ್ನು ಒಳಗಿಟ್ಟಳು. ದಿನಕ್ಕೆ ಒಂದೇ ಉಗುರೆಂದರೂ 18 ದಿನಗಳಲ್ಲಿ ಒಂದು ಸುತ್ತು ಮುಗಿಯುತ್ತದೆ. ಸಾಮಾನ್ಯವಾಗಿ ಮೂರು ನಾಲ್ಕು ವಾರಗಳಿಗೊಮ್ಮೆ ಉಗುರು ತೆಗೆದರೆ ಸಾಕಾಗುವುದರಿಂದ, ಎಲ್ಲವನ್ನೂ ಒಂದೇ ದಿನ ಮುಗಿಸಬೇಕೆಂಬ ಆತುರಕ್ಕೆ ಅರ್ಥವೇ ಇಲ್ಲ. ಮರಿಯಾಗಿದ್ದಾಗಲೇ ಪಾದ ಮುಟ್ಟಿಸಿಕೊಳ್ಳುವ ಅಭ್ಯಾಸವಾದ ನಾಯಿಗೆ ಇಷ್ಟು ಸಾಹಸವೂ ಬೇಡ.

ದೀಪ ಹಚ್ಚಿದ ಮೇಲೆ ಉಗುರು ತೆಗೆಯಬಾರದೆಂಬುದು ಹಳೆಯ ಮನೆಗಳ ಕಟ್ಟಳೆ. ನಾಯಿಯ ಮಟ್ಟಿಗಂತೂ ಅದನ್ನು ಪಾಲಿಸುವುದೇ ಲೇಸು. ಏಕೆಂದರೆ ಇಲ್ಲಿ ಬೆಳಕಿಗಿಂತ ದೊಡ್ಡ ಸಹಾಯಕನಿಲ್ಲ. ಉಗುರಿನ ತುದಿ ನಿರ್ಜೀವವಾದದ್ದು, ಕತ್ತರಿಸಿದರೆ ನೋವಿಲ್ಲ. ಬುಡದಿಂದ ಸ್ವಲ್ಪ ದೂರದವರೆಗೆ ಒಳಗೆ ರಕ್ತನಾಳವೂ ನರವೂ ಇರುವ ತಿರುಳಿದೆ. ಅದಕ್ಕೆ ತಾಗಿದರೆ ನೋವೂ ರಕ್ತಸ್ರಾವವೂ ತಪ್ಪವು. ಬಿಳಿಯ ಉಗುರಿನಲ್ಲಿ ಈ ತಿರುಳು ತಿಳಿಗೆಂಪಾಗಿ ಕಾಣುತ್ತದೆ. ಅದಕ್ಕಿಂತ ಸುಮಾರು 2 ಮಿಲಿಮೀಟರ್ ಈಚೆಗೇ ನಿಲ್ಲಿಸಬೇಕು. ಕರಿಯ ಉಗುರಿನಲ್ಲಿ ಹೊರಗಿನಿಂದ ಏನೂ ಕಾಣದು. ಅಲ್ಲಿ ಕೂದಲೆಳೆಯಷ್ಟು ತೆಳುವಾಗಿ ಒಂದೊಂದೇ ಚೂರು ತೆಗೆಯುತ್ತ, ಪ್ರತಿ ಸಲವೂ ಕತ್ತರಿಸಿದ ಮುಖವನ್ನು ನೋಡಬೇಕು. ಮೊದಮೊದಲು ಅದು ಒಣಗಿ ಸುಣ್ಣದಂತಿರುತ್ತದೆ. ನಡುವೆ ಗಾಢವಾದ, ತುಸು ಹಸಿಯಾದ ಚುಕ್ಕೆಯೊಂದು ಮೂಡಿತೆಂದರೆ ತಿರುಳು ಸಮೀಪಿಸಿತೆಂದು ತಿಳಿದು ಕೈ ತಡೆಯಬೇಕು. ಪಾದವನ್ನು ಬಿಗಿಯಾಗಿ ಹಿಂಡದೆ ಸ್ಥಿರವಾಗಿ ಹಿಡಿದು, ಉಗುರಿನ ಬಾಗಿದ ಕೊಕ್ಕೆಯಂಥ ತುದಿಯನ್ನು ಸುಮಾರು 45 ಡಿಗ್ರಿ ಓರೆಯಲ್ಲಿ ತೆಗೆಯುವುದು ಕ್ರಮ. ಹೆಬ್ಬೆರಳಿನ ಉಗುರನ್ನು ಮರೆಯಲಾಗದು.

ಎಷ್ಟು ಎಚ್ಚರವಿದ್ದರೂ ಒಮ್ಮೊಮ್ಮೆ ರಕ್ತ ಬರುವುದುಂಟು. ಆಗ ಗಾಬರಿಯಾಗಿ ಕೂಗಿಕೊಂಡರೆ ನಾಯಿಯ ಭಯ ಇಮ್ಮಡಿಸುತ್ತದೆ. ರಕ್ತ ನಿಲ್ಲಿಸಲೆಂದು ಮಾರುವ ಪುಡಿಯನ್ನು, ಅದಿಲ್ಲದಿದ್ದರೆ ಮೈದಾ ಅಥವಾ ಕಾರ್ನ್‌ಫ್ಲೋರನ್ನು ಉಗುರಿನ ತುದಿಗೆ ಒತ್ತಿ ಕೆಲವು ನಿಮಿಷ ಹಿಡಿದಿದ್ದರೆ ಸಾಮಾನ್ಯವಾಗಿ ನಿಲ್ಲುತ್ತದೆ. ಸ್ವಲ್ಪ ಹೊತ್ತು ನಾಯಿಯನ್ನು ಓಡಾಡಗೊಡಬಾರದು. ಕಾಲು ಗಂಟೆಯಾದರೂ ನಿಲ್ಲದಿದ್ದರೆ ಪಶುವೈದ್ಯರಿಗೆ ತೋರಿಸಬೇಕು. ಸುತ್ತಿಕೊಂಡು ಚರ್ಮದೊಳಗೆ ಹೊಕ್ಕ ಉಗುರು, ಬುಡದವರೆಗೆ ಸೀಳಿದ ಉಗುರು ಇವೂ ಮನೆಯ ಕತ್ತರಿಗೆ ತಕ್ಕವಲ್ಲ.

ನಾಯಿಗೆ ಮಾತಿಲ್ಲವಾದರೂ ಭಾಷೆಯುಂಟು. ಮುಖ ತಿರುಗಿಸುವುದು, ತುಟಿ ನೆಕ್ಕಿಕೊಳ್ಳುವುದು, ನಿದ್ದೆಯಿಲ್ಲದೆ ಆಕಳಿಸುವುದು, ಮೈ ಬಿಗಿಹಿಡಿಯುವುದು, ಇವೆಲ್ಲ ‘ಸಾಕು’ ಎಂಬುದರ ನಾನಾ ರೂಪಗಳು. ಗುರುಗುಟ್ಟುವುದು ಕೊನೆಯ ಎಚ್ಚರಿಕೆ. ಅದನ್ನು ಗದರಿ ಅಡಗಿಸಿದರೆ, ಮುಂದಿನ ಸಲ ನಾಯಿ ಎಚ್ಚರಿಕೆ ಕೊಡದೆಯೇ ಕಚ್ಚೀತು. ಹಲ್ಲು ತಾಗಿ ಗಾಯವಾದರೆ ಮನೆಯ ನಾಯಿಯೆಂದು ಉದಾಸೀನ ಮಾಡದೆ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ವೈದ್ಯರನ್ನು ಕಾಣಬೇಕು. ನಾಯಿಗೆ ರೇಬಿಸ್ ಲಸಿಕೆಯನ್ನು ಕಾಲಕಾಲಕ್ಕೆ ಹಾಕಿಸಿರಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಬಹುಕಾಲ ಬೆಳೆಯಬಿಟ್ಟ ಉಗುರಿನಲ್ಲಿ ತಿರುಳೂ ಉದ್ದವಾಗಿರುತ್ತದೆ. ಅದನ್ನು ಒಂದೇ ಸಲಕ್ಕೆ ಗಿಡ್ಡ ಮಾಡಹೊರಟರೆ ರಕ್ತ ತಪ್ಪಿದ್ದಲ್ಲ. ಆದರೆ ವಾರಕ್ಕೊಮ್ಮೆ ತುದಿಯನ್ನಷ್ಟೇ ತೆಗೆಯುತ್ತ ಬಂದರೆ ಒಳಗಿನ ತಿರುಳು ತಾನಾಗಿ ಮೆಲ್ಲಮೆಲ್ಲನೆ ಹಿಂದೆ ಸರಿಯುತ್ತದೆ. ಇಂದು ಕತ್ತರಿ ತಾಗಿದರೆ ನೋಯುವ ಜಾಗ ಕೆಲವು ವಾರಗಳ ಬಳಿಕ ನೋವಿಲ್ಲದ ಜಾಗವಾಗುತ್ತದೆ. ನಾಯಿಯ ಮನಸ್ಸಿನೊಳಗಿನ ಭಯವೂ ಹೆಚ್ಚುಕಡಮೆ ಇದೇ ರೀತಿಯಲ್ಲಿ ಹಿಂದೆ ಸರಿಯುವುದು. ಎರಡಕ್ಕೂ ಬಲವಂತದ ದಾರಿಯಿಲ್ಲ.

ಆ ಮೂರನೆಯ ಮಹಡಿಯ ಮನೆಯಲ್ಲಿ ಈಗ ಸೊಸೆ ಚಾಪೆ ಹಾಸಿ ಕುಳಿತರೆ ನಾಯಿ ತಾನೇ ಬಂದು ಪಕ್ಕದಲ್ಲಿ ಮಲಗುತ್ತದೆ. ನಡುಮನೆಯ ಟಕಟಕ ನಿಂತು ಬಹಳ ದಿನಗಳಾದವು. ಕಿವಿ ಎಷ್ಟೇ ಚುರುಕಾಗಿದ್ದರೂ ಅಜ್ಜಿಗೆ ನಾಯಿ ಬಂದದ್ದು ತಿಳಿಯುವುದು, ಅದು ಅವರ ಮಂಡಿಯ ಮೇಲೆ ಮೂತಿಯಿಟ್ಟಾಗಲೇ.