ತಪ್ಪು ಪ್ಲಗ್ಗಿನದಲ್ಲ, ಮಾಸ್ಟ್ರದು

ಕಳೆದ ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಗೇಟಿನ ಹೊರಗೆ ಪಿಕಪ್ ನಿಲ್ಲಿಸಿ ಮನೆಯೊಳಗೆ ಬಂದ. ಮಳೆಗಾಲದ ಎರಡು ತಿಂಗಳ ನಿಷೇಧ ಮುಗಿದು ಬೋಟುಗಳು ಆಗಷ್ಟೇ ಕಡಲಿಗಿಳಿದಿದ್ದವು. ಇವನು ಧಕ್ಕೆಯಿಂದ ಮೀನು ಹೇರಿಕೊಂಡು ಮೂಡುಬಿದಿರೆಗೆ ಸಾಗಿಸುವವನು.

“ಸರ್, ಗಾಡಿಯಲ್ಲಿ ಮಿಸ್ಸಿಂಗ್ ಉಂಟು. ಪೇಟೆಯಲ್ಲಿ ಸರಿಯೇ ಹೋಗ್ತದೆ. ಗುರುಪುರ ದಾಟಿ ಕೈಕಂಬದ ಕಡೆಗೆ ಏರುವಾಗ ಮಾತ್ರ ಜರ್ಕ್ ಹೊಡೀತದೆ. ಎಂತ ಆಗಿರಬಹುದು?”

“ಪ್ಲಗ್ ಹೋಗಿರಬೇಕು ಮಾರಾಯ, ನಾಲ್ಕನ್ನೂ ಬದಲಿಸು” ಎಂದೆ. ಕೈಯಲ್ಲಿದ್ದ ಚಹಾದ ಲೋಟ ಕೆಳಗಿಡುವಷ್ಟು ಹೊತ್ತು ಕೂಡ ಯೋಚಿಸಲಿಲ್ಲ. ವಿಜ್ಞಾನ ಕಲಿಸಿದ ಮಾಸ್ಟ್ರು ಹೇಳಿದ ಮೇಲೆ ಅವನು ಇನ್ನೊಬ್ಬರನ್ನು ಕೇಳಲೂ ಇಲ್ಲ.

ಹೊಸ ಪ್ಲಗ್ ಹಾಕಿಸಿದ ಮರುದಿನವೂ ಅದೇ ಏರು, ಅದೇ ಜರ್ಕ್. ಮೂರನೆಯ ದಿನ ಗಾಡಿ ಅರ್ಧ ಏರಿನಲ್ಲಿ ನಿಂತೇಬಿಟ್ಟಿತು. ಬೇರೆ ಗಾಡಿ ಬರುವಷ್ಟರಲ್ಲಿ ಐಸ್ ಕರಗಿ, ಬಂಗುಡೆಗೆ ಸಿಕ್ಕಿದ್ದು ಅರ್ಧ ಕ್ರಯ. ಆ ನಷ್ಟದಲ್ಲಿ ನನ್ನ ಪಾಲೂ ಇತ್ತು. ಸಂಜೆ ಅವನ ಜೊತೆ ನಾನೂ ಗ್ಯಾರೇಜಿಗೆ ಹೋದೆ.

ಅಲ್ಲಿ ನಡೆದದ್ದನ್ನು ಹೇಳುವ ಮೊದಲು ಒಂದೆರಡು ಮಾತು. ನಮ್ಮ ರಸ್ತೆಯಲ್ಲಿ ಓಡುವ ದೊಡ್ಡ ಪಿಕಪ್‌ಗಳಲ್ಲಿ ಹೆಚ್ಚಿನವು ಡೀಸೆಲ್ ಗಾಡಿಗಳು. ಅವುಗಳಲ್ಲಿ ಸ್ಪಾರ್ಕ್ ಪ್ಲಗ್ ಇರುವುದೇ ಇಲ್ಲ. ಗಾಳಿಯನ್ನು ಬಲವಾಗಿ ಒತ್ತಿದಾಗ ಹುಟ್ಟುವ ಶಾಖದಿಂದಲೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಪೆಟ್ರೋಲ್ ಮತ್ತು ಸಿಎನ್‌ಜಿ ಎಂಜಿನ್‌ಗಳಿಗೆ ಮಾತ್ರ ಕಿಡಿ ಬೇಕು. 2021ರ ಜನವರಿಯಲ್ಲಿ ಕೊಚ್ಚಿ–ಮಂಗಳೂರು ಅನಿಲ ಕೊಳವೆ ಮಾರ್ಗ ಲೋಕಾರ್ಪಣೆಯಾಯಿತು. ಈಗ ಊರಿನಲ್ಲಿ ಸಿಎನ್‌ಜಿಯಲ್ಲಿ ಓಡುವ ಪುಟ್ಟ ಪಿಕಪ್‌ಗಳೂ ಕಾಣಸಿಗುತ್ತವೆ. ನನ್ನ ವಿದ್ಯಾರ್ಥಿಯದು ಅಂಥದ್ದೇ ನಾಲ್ಕು ಸಿಲಿಂಡರಿನ ಗಾಡಿ.

ಬ್ಯಾಟರಿಯಲ್ಲಿ ಇರುವುದು 12 ವೋಲ್ಟ್. ಪ್ಲಗ್ಗಿನ ತುದಿಯಲ್ಲಿರುವ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಸಂದನ್ನು ಕಿಡಿ ಹಾರಲು ಸಾವಿರಾರು ವೋಲ್ಟ್ ಬೇಕು. ಇದನ್ನು ಒದಗಿಸುವುದು ಕಾಯಿಲ್. ಕಡಿಮೆ ಸುತ್ತಿನ ತಂತಿಯಲ್ಲಿ ಹರಿಯುವ ವಿದ್ಯುತ್ತನ್ನು ಥಟ್ಟನೆ ಕಡಿದರೆ, ಪಕ್ಕದಲ್ಲಿರುವ ಬಹಳ ಸುತ್ತಿನ ತಂತಿಯಲ್ಲಿ ಭಾರೀ ವೋಲ್ಟೇಜ್ ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ಕಂಡುಕೊಂಡ ತತ್ವವಿದು. 1902ರಲ್ಲಿ ಜರ್ಮನಿಯ ಬಾಷ್ ಕಾರ್ಖಾನೆಯಲ್ಲಿ ಗಾಟ್‌ಲೋಬ್ ಹೊನೋಲ್ಡ್ ಇದೇ ತತ್ವದ ಮೇಲೆ ಪ್ಲಗ್ಗಿಗೆ ಬೇಕಾದ ಮ್ಯಾಗ್ನೆಟೊ ತಯಾರಿಸಿದ.

ಸರಿ, ಏರಿನಲ್ಲಿ ಮಾತ್ರ ಯಾಕೆ ಮಿಸ್ ಆಗಬೇಕು? ಭಾರ ಹೊತ್ತು ಏರುವಾಗ ನಾವು ಆಕ್ಸಿಲರೇಟರ್ ಒತ್ತುತ್ತೇವೆ. ಸಿಲಿಂಡರಿಗೆ ಹೆಚ್ಚು ಗಾಳಿ, ಹೆಚ್ಚು ಇಂಧನ ನುಗ್ಗುತ್ತದೆ. ಒತ್ತಿದಾಗ ಅದು ಇನ್ನಷ್ಟು ದಟ್ಟವಾಗುತ್ತದೆ. ದಟ್ಟ ಅನಿಲದೊಳಗೆ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಸಿಎನ್‌ಜಿಗೆ ಪೆಟ್ರೋಲಿಗಿಂತಲೂ ಹೆಚ್ಚು. ಆಗ ಪ್ಲಗ್ಗಿನ ಸಂದಿಗಿಂತ ಸುಲಭವಾದ ಇನ್ನೊಂದು ದಾರಿ ಇದ್ದರೆ ವಿದ್ಯುತ್ತು ಅದನ್ನೇ ಹಿಡಿಯುತ್ತದೆ. ಸಮತಟ್ಟಿನಲ್ಲಿ ಅಡಗಿದ್ದ ದೋಷ ಏರಿನಲ್ಲಿ ಬಯಲಾಗುವುದು ಹೀಗೆ.

ಗ್ಯಾರೇಜಿನಲ್ಲಿ ಐಟಿಐ ಓದಿದ ಯುವಕನೊಬ್ಬ ಸ್ಕ್ಯಾನರ್ ಜೋಡಿಸಿದ. ಪರದೆಯ ಮೇಲೆ ಬಂದದ್ದು “ಪಿ0303”. ಅಂದರೆ ಮೂರನೆಯ ಸಿಲಿಂಡರಿನಲ್ಲಿ ಮಿಸ್. ಪ್ರತಿ ಸಿಲಿಂಡರ್ ಉರಿದಾಗಲೂ ಕ್ರ್ಯಾಂಕ್ ಸ್ವಲ್ಪ ಚುರುಕಾಗುತ್ತದೆ, ಉರಿಯದಿದ್ದರೆ ನಿಧಾನವಾಗುತ್ತದೆ. ಸೈಕಲ್ ತುಳಿಯುವಾಗ ಒಂದು ಕಾಲು ಜಾರಿದ ಹಾಗೆ. ಆ ಜಾರುವಿಕೆಯನ್ನು ಸೆನ್ಸರ್ ಲೆಕ್ಕ ಇಡುತ್ತದೆ. ಆದರೆ ಯಾವ ಸಿಲಿಂಡರ್ ಎಂದು ಹೇಳೀತೇ ಹೊರತು ಯಾಕೆ ಎಂದು ಅದು ಹೇಳದು.

ಯುವಕ ಹೊಸ ಸಾಮಾನು ಯಾವುದನ್ನೂ ತರಲಿಲ್ಲ. ಮೂರನೆಯ ಸಿಲಿಂಡರಿನ ಕಾಯಿಲ್ ತೆಗೆದು ಒಂದನೆಯದಕ್ಕೆ, ಒಂದನೆಯದನ್ನು ಮೂರನೆಯದಕ್ಕೆ ಹಾಕಿದ. ಬೇರೆ ಏನನ್ನೂ ಮುಟ್ಟಲಿಲ್ಲ. ಕೋಡ್ ಅಳಿಸಿ, ಗಾಡಿಗೆ ಭಾರ ಹೇರಿ, ಒಂದು ಏರು ಹತ್ತಿಸಿ ಬಂದ. ಈಗ ಪರದೆಯ ಮೇಲೆ “ಪಿ0301”! ಕಾಯಿಲ್ ಜೊತೆಗೆ ದೋಷವೂ ಜಾಗ ಬದಲಿಸಿತ್ತು. ಬಿಚ್ಚಿ ನೋಡಿದರೆ ಕಾಯಿಲ್ಲಿನ ರಬ್ಬರ್ ಬೂಟಿನಲ್ಲಿ ಸಣ್ಣ ಬಿರುಕು, ಅದರ ಉದ್ದಕ್ಕೂ ಕಿಡಿ ಸೋರಿದ ಬೂದು ಗೆರೆ. ದೋಷ ಜಾಗ ಬಿಟ್ಟು ಕದಲದಿದ್ದರೆ ಮುಂದೆ ಪ್ಲಗ್ ಅದಲು ಬದಲು, ಆಮೇಲೆ ಇಂಜೆಕ್ಟರ್, ಕೊನೆಗೆ ಕಂಪ್ರೆಶನ್ ನೋಡುವುದು ಅವನ ಕ್ರಮವಂತೆ.

“ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕು” ಎಂದು ವರ್ಷಗಟ್ಟಲೆ ಪ್ರಯೋಗಶಾಲೆಯಲ್ಲಿ ಹೇಳಿದವನು ನಾನು. ಅದನ್ನು ಮಾಡಿ ತೋರಿಸಿದವನು ಅವನು.

ಹಾಗೆಂದು ಪ್ಲಗ್ ಬದಲಿಸುವುದೇ ಬೇಡವೆಂದಲ್ಲ. ಕಿಡಿ ಹಾರಿ ಹಾರಿ ತುದಿ ಸವೆದು ಸಂದು ದೊಡ್ಡದಾಗುತ್ತದೆ. ಗಾಡಿಯ ಕೈಪಿಡಿ ಹೇಳಿದಷ್ಟು ಕಿಲೋಮೀಟರಿಗೆ ಬದಲಿಸಲೇಬೇಕು. ಎಂಜಿನ್ ಪೂರ್ತಿ ತಣಿದಿರಬೇಕು. ಸುತ್ತಲಿನ ಧೂಳು ಊದಿ ತೆಗೆಯಬೇಕು. ಹೊಸದನ್ನು ಮೊದಲು ಕೈಯಿಂದಲೇ ತಿರುಗಿಸಿ ಕೂರಿಸಿ, ಆಮೇಲೆ ಕೈಪಿಡಿಯ ಅಳತೆಯಷ್ಟೇ ಬಿಗಿಯಬೇಕು. ಅಲ್ಯೂಮಿನಿಯಂ ಹೆಡ್ಡಿನ ಮರೆ ಕಿತ್ತುಹೋದರೆ ದೊಡ್ಡ ಖರ್ಚು. ತೆಗೆದ ಪ್ಲಗ್ಗನ್ನು ಎಸೆಯುವ ಮುನ್ನ ನೋಡಿ. ತಿಳಿ ಕಂದು ಅಥವಾ ಬೂದು ಬಣ್ಣವಿದ್ದರೆ ಆರೋಗ್ಯ. ಒಣ ಕಪ್ಪು ಮಸಿ ಇದ್ದರೆ ಇಂಧನ ಹೆಚ್ಚು ಅಥವಾ ಕಿಡಿ ದುರ್ಬಲ. ಎಣ್ಣೆಯ ಪಸೆ ಇದ್ದರೆ ಒಳಗೆ ಆಯಿಲ್ ಸೋರಿಕೆ. ಬೆಳ್ಳಗೆ ಸುಟ್ಟಂತಿದ್ದರೆ ಅತಿಯಾದ ಶಾಖ.

ಎರಡು ಎಚ್ಚರಿಕೆ. ಎಂಜಿನ್ ದೀಪ ಮಿನುಗುತ್ತಿದ್ದರೆ ಗಾಡಿಯನ್ನು ಎಳೆಸಬೇಡಿ. ಉರಿಯದ ಇಂಧನ ಸೈಲೆನ್ಸರ್ ಕಡೆಗೆ ಹೋಗಿ ಅಲ್ಲಿನ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತದೆ. ಕಾಯಿಲ್ ಕಳಚಿ ಕಿಡಿ ಹಾರಿಸಿ ನೋಡುವ ಹಳೆಯ ಆಟವಂತೂ ಬೇಡವೇ ಬೇಡ, ಅದರಲ್ಲೂ ಸಿಎನ್‌ಜಿ ಗಾಡಿಯಲ್ಲಿ.

ಹೆತ್ತವರಲ್ಲಿ ಒಂದು ವಿನಂತಿ. ಗಾಡಿಯನ್ನು ಗ್ಯಾರೇಜಿಗೆ ಒಯ್ಯುವಾಗ ಮಕ್ಕಳನ್ನೂ ಕರೆದುಕೊಂಡು ಹೋಗಿ. “ಓದದಿದ್ದರೆ ಇಲ್ಲಿಗೇ ಸೇರಿಸುತ್ತೇನೆ” ಎಂದು ಹೆದರಿಸಲು ಅಲ್ಲ, ಅಲ್ಲಿನವರು ಹೇಗೆ ಯೋಚಿಸುತ್ತಾರೆಂದು ನೋಡಲು. ನನ್ನ ವಿದ್ಯಾರ್ಥಿಗೆ ಆ ನಾಲ್ಕು ಪ್ಲಗ್ಗಿನ ಹಣ ಕೊಡಲು ಹೋದೆ, ಅವನು ತೆಗೆದುಕೊಳ್ಳಲಿಲ್ಲ. “ಇರಲಿ ಸರ್, ಹೇಗೂ ಬದಲಿಸುವ ಹೊತ್ತಾಗಿತ್ತು” ಎಂದ. ಅದು ನಿಜವೋ, ನನ್ನ ಮರ್ಯಾದೆ ಉಳಿಸಲು ಹೇಳಿದ್ದೋ, ನಾನು ಕೇಳಲಿಲ್ಲ.

ಈ ವಾರದ ಲೆಕ್ಕ: ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದೆ. ಪ್ರತಿ ಎರಡು ಸುತ್ತಿಗೆ ಒಂದು ಪ್ಲಗ್ ಒಮ್ಮೆ ಕಿಡಿ ಹಾರಿಸುತ್ತದೆ. ಒಂದು ಗಂಟೆಯಲ್ಲಿ ಒಂದು ಪ್ಲಗ್ ಹಾರಿಸುವ ಕಿಡಿಗಳೆಷ್ಟು? (ಉತ್ತರ: 90,000.)